ತೊಂಬತ್ತು ಪೈಸೆ ಕಮಿಷನ್

ಬೆಲೆ ಏರುತ್ತಿತ್ತು. ಮಾರಲು ಕೂತ ಕುಪ್ಪಸ್ವಾಮಿ ಭಯದಿಂದ ಬೆವರುತ್ತಿದ್ದ.

ಫೋನಿನಲ್ಲಿ ಅವನ ಟಗರಿನ ಹರಾಜು ಆರು ರೂಪಾಯಿಗೆ ನಿಂತಿತ್ತು. ನೋಡನೋಡುತ್ತಲೇ ಏಳಾಯಿತು. "ಸಾಕು, ನಿಲ್ಸ್ರಪ್ಪಾ," ಎಂದು ಅವನು ಫೋನಿಗೇ ಕೈ ಮುಗಿದ.

ಹೆಂಡತಿ ಮುತ್ತಮ್ಮ ಹೊಲಿಯುತ್ತಿದ್ದ ರವಿಕೆಯಿಂದ ತಲೆ ಎತ್ತಿದಳು. "ಏನಯ್ಯಾ, ಬೆಲೆ ಏರಿದ್ರೆ ಒಳ್ಳೇದಲ್ವಾ?"

"ನಿಂಗೆ ಗೊತ್ತಾಗಕಿಲ್ಲ, ಸುಮ್ಕಿರಮ್ಮಿ."

ಗೊತ್ತಾಗದಿದ್ದರೆ ಅದು ಅವಳ ತಪ್ಪಲ್ಲ. ಇದೆಲ್ಲ ಶುರುವಾದದ್ದು ಪೆನ್ನಾಗರಂ ಸಂತೆಯಲ್ಲಿ. ದಲ್ಲಾಳಿ ನಂಜಯ್ಯ ಟಗರಿನ ಬೆನ್ನು ಒತ್ತಿ ನೋಡಿ, "ಇಪ್ಪತ್ತು ಸಾವಿರಕ್ಕೆ ಓಯ್ತದೆ ಮಾಮಾ. ನಂಗೆ ಸಾವಿರ ಕಮಿಷನ್," ಎಂದಿದ್ದ. ಎರಡು ವರ್ಷ ಮೇಯಿಸಿದವನು ತಾನು, ಬರೀ ಬೆನ್ನು ಒತ್ತಿದವನಿಗೆ ಸಾವಿರವೇ? ಕುಪ್ಪಸ್ವಾಮಿಗೆ ಮೈಯೆಲ್ಲ ಉರಿದುಹೋಯಿತು. "ಫೋನಲ್ಲೇ ಮಾರ್ತೀನಿ ಕಣ್ಲಾ. ಒಂದು ರೂಪಾಯಿ ಕಮಿಷನ್ ಕೊಟ್ರೂ ಮೀಸೆ ಬೋಳಿಸ್ಕೊಂಡು ಇದೇ ಸಂತೇಲಿ ನಿಂತ್ಕೋತೀನಿ," ಎಂದು ಹತ್ತು ಜನರೆದುರು ಹೇಳಿಬಿಟ್ಟ. ಬಾಯಿಗೆ ಬೀಗ ಹಾಕಿಕೊಳ್ಳುವ ಅಭ್ಯಾಸ ಅವರ ವಂಶದಲ್ಲೇ ಇರಲಿಲ್ಲ.

ಮನೆಗೆ ಬಂದು ನೋಡಿದರೆ ಫೋನಿನೊಳಗೂ ಒಬ್ಬ ದಲ್ಲಾಳಿ ಕೂತಿದ್ದ. ಹರಾಜಿನ ಆಪ್‌ಗೆ ಮಾರಿದ ಬೆಲೆಯಲ್ಲಿ ನೂರಕ್ಕೆ ಹತ್ತು ಕೊಡಬೇಕು. ಎರಡನೇ ಫೋಟೊಗೆ ಐದು ರೂಪಾಯಿ. 'ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ' ಎಂದು ಸೇರಿಸಲು ಇಪ್ಪತ್ತೈದು. ಕುಪ್ಪಸ್ವಾಮಿ ಯಾವುದಕ್ಕೂ ಬಗ್ಗಲಿಲ್ಲ. ಪುಕ್ಕಟೆಯ ಒಂದೇ ಫೋಟೊದಲ್ಲಿ ಹಲ್ಲೂ ಬೆನ್ನೂ ಬಾಲವೂ ಬರಲೆಂದು ಟಗರಿನ ಕತ್ತನ್ನು ಹಿಂದಕ್ಕೆ ತಿರುಗಿಸಿ ಹಿಡಿದ. ಅದು ಅವನ ತೊಡೆಗೆ ಎರಡು ಸಲ ಗುದ್ದಿತು.

ನಾಲ್ಕು ದಿನ ಕೂತು ಮಾರುವವರ ಶುಲ್ಕದ ನಿಯಮಗಳನ್ನು ಓದಿದ. ಕೊಳ್ಳುವವರ ನಿಯಮಗಳನ್ನು ಬಿಟ್ಟ. ಅದು ಅವರ ತಲೆನೋವು. ಐದನೇ ದಿನ ಕುಣಿದಾಡಿದ. ಕಮಿಷನ್ ಬೆಲೆಯ ಮೇಲೆ ಮಾತ್ರ, ಸಾಗಣೆ ಖರ್ಚಿನ ಮೇಲೆ ಪೈಸೆಯೂ ಇಲ್ಲ. ಆಪ್‌ನವರು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರಿದ. ಟಗರಿನ ಬೆಲೆ ಒಂದು ರೂಪಾಯಿ ಎಂದು ಹಾಕಿದ. ಮನೆಗೆ ತಲುಪಿಸುವ ಖರ್ಚು ಇಪ್ಪತ್ತು ಸಾವಿರ ಎಂದು ಹಾಕಿದ.

"ಇದು ಮೋಸ ಅಲ್ವಾ?" ಎಂದಳು ಮುತ್ತಮ್ಮ.

"ಮೋಸ ಅಲ್ಲ, ಬುದ್ಧಿ."

ಅವಳು ವಾದ ಬೆಳೆಸಲಿಲ್ಲ. ಧರ್ಮಪುರಿಯ ಅಂಗಡಿಯಲ್ಲಿ ಕರೆಂಟಿನ ಹೊಲಿಗೆ ಮಿಷನ್ ಒಂದನ್ನು ತನಗೇ ಇಟ್ಟಿರಿ ಎಂದು ಹೇಳಿ ಬಂದಿದ್ದಳು. ಹದಿನೈದು ವರ್ಷ ಹಳೆಯ ಮಿಷನ್ ತುಳಿದೂ ತುಳಿದೂ ಅವಳ ಮಂಡಿ ಸವೆದಿತ್ತು. ಆ ಟಗರಿಗೆ ಬಾಟಲಿ ಹಾಲು ಕುಡಿಸಿ ಉಳಿಸಿಕೊಂಡವಳೂ ಅವಳೇ. ಮಾರಲು ಒಪ್ಪಿದ್ದು ಮಿಷನ್ನಿಗಾಗಿ ಮಾತ್ರ, ಅದೂ ಅತ್ತುಕೊಂಡು.

ಒಬ್ಬನೇ ಗಿರಾಕಿ ಬಂದಾನು ಎಂದುಕೊಂಡಿದ್ದ ಕುಪ್ಪಸ್ವಾಮಿ. ನಲವತ್ತು ಜನ ಮುಗಿಬಿದ್ದರು. ಒಬ್ಬರು ಹಲ್ಲೆಷ್ಟು ಎಂದು ವಿಚಾರಿಸಿದರು. ಇನ್ನೊಬ್ಬರು ಹಗ್ಗ ನಾವೇ ತರಬೇಕಾ ಎಂದು ಕೇಳಿದರು. ಮಾರಿದವನು ಹಗ್ಗ ಕೊಡುವ ವಾಡಿಕೆ ನಮ್ಮಲ್ಲಿಲ್ಲ ಎಂದು ಇವನು ಜಂಬದಿಂದ ಉತ್ತರ ಬರೆದ. ಇಪ್ಪತ್ತು ಸಾವಿರ ತೆರಲು ಇಷ್ಟು ಜನ ಇದ್ದಾರಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ನನ್ನ ಟಗರು ಅಂದರೆ ಸುಮ್ಮನೆಯೇ ಎಂದು ಸಮಾಧಾನ ಮಾಡಿಕೊಂಡ.

ಎಂಟು.

ಹತ್ತು ಮುಟ್ಟಿದರೆ ಕಮಿಷನ್ ಒಂದು ರೂಪಾಯಿ. ಮೀಸೆ ಹೋಯಿತು ಎಂದೇ ಲೆಕ್ಕ. ಕುಪ್ಪಸ್ವಾಮಿಯ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು.

ಒಂಬತ್ತು.

ಪರದೆಯ ಮೂಲೆಯಲ್ಲಿ 'ಹರಾಜು ಈಗಲೇ ಮುಗಿಸಿ' ಎಂಬ ಗುಂಡಿ ಕಂಡಿತು. ಹೆಬ್ಬೆರಳು ನೋಯುವಷ್ಟು ಒತ್ತಿದ. ಟಗರು ಒಂಬತ್ತು ರೂಪಾಯಿಗೆ ಹೋಯಿತು. ಕಮಿಷನ್ ತೊಂಬತ್ತು ಪೈಸೆ.

ಮರುದಿನ ಬೆಳಿಗ್ಗೆ ಮೀಸೆಗೆ ಎಣ್ಣೆ ಹಚ್ಚಿ, ನಂಜಯ್ಯನನ್ನು ಕರೆಸಿ ಫೋನು ತೋರಿಸಿದ. ನಂಜಯ್ಯ ಮೂರು ಸಲ ಓದಿದ.

"ಗೆದ್ದೆ ಮಾಮಾ, ಒಪ್ಕೊಂಡೆ. ಇಪ್ಪತ್ತು ಸಾವಿರ ಬಂತಾ?"

"ಟಗರು ತಲುಪಿದ ಕೂಡ್ಲೇ ಬರ್ತೈತೆ."

ಬಾಗಿಲಲ್ಲಿ ಬಾಡಿಗೆಯ ಸರಕು ಗಾಡಿ ನಿಂತಿತ್ತು. ಹೋಗುವಾಗ ಟಗರು, ಬರುವಾಗ ಹೊಲಿಗೆ ಮಿಷನ್. ಮುತ್ತಮ್ಮ ಪೆಟ್ಟಿಗೆಯಲ್ಲಿದ್ದ ಸೀರೆ ತೆಗೆದು ಉಟ್ಟಿದ್ದಳು. ಟಗರಿನ ನೆತ್ತಿ ಸವರಿ ಕಣ್ಣೊರೆಸಿಕೊಂಡಳು, ಮಿಷನ್ ನೆನಪಾಗಿ ನಕ್ಕಳು.

ಆಗಲೇ ಇನ್ನೊಂದು ಗಾಡಿ ಬಂದು ನಿಂತಿತು. ಕೈಯಲ್ಲಿ ಹಗ್ಗ ಹಿಡಿದ ಮುದುಕಿಯೊಬ್ಬಳು ಇಳಿದಳು. ಅದಿಯಮಾನ್‌ಕೋಟೆಯ ಚೆಲ್ಲಮ್ಮ ಎಂದು ಹೆಸರು ಹೇಳಿದಳು. ಹರಾಜು ಗೆದ್ದವಳು ಅವಳೇ. ಟಗರಿನ ಬೆನ್ನು ಒತ್ತಿದಳು, ಹಲ್ಲು ನೋಡಿದಳು. "ರೊಂಬ ಚೆನ್ನಾಗೈತೆ," ಎಂದಳು.

"ನೀವ್ಯಾಕೆ ಬಂದ್ರಿ ಅತ್ತೆ? ನಾನೇ ತಂದು ಬಿಡ್ತಿದ್ನಲ್ಲ," ಎಂದ ಕುಪ್ಪಸ್ವಾಮಿ.

"ಬೆನ್ನು ಮುಟ್ಟಿ ನೋಡ್ದೆ ಯಾರಪ್ಪಾ ಕುರಿ ತಗೋತಾರೆ? ಸಾಗಣೆ ಬ್ಯಾಡ, ನಾನೇ ಬಂದು ಕರ್ಕೊಂಡ್ ಓಗ್ತೀನಿ ಅಂತಾನೇ ಫೋನಲ್ಲಿ ಒತ್ತಿದ್ದು, ಕೊಳ್ಳೋರಿಗೆ ಆ ಗುಂಡಿ ಐತಲ್ಲ. ಏನೋ, ನೀನೇ ಒಂಬತ್ತಕ್ಕೆ ನಿಲ್ಸಿಬಿಟ್ಟೆ, ನಾನು ಇಪ್ಪತ್ತು ಸಾವಿರದ ಗಂಟೇ ಕಟ್ಕೊಂಡು ಕೂತಿದ್ದೆ," ಎಂದು ಚೆಲ್ಲಮ್ಮ ಮುತ್ತಮ್ಮನ ಅಂಗೈ ಬಿಡಿಸಿ, ಒಂಬತ್ತು ರೂಪಾಯಿ ಇಟ್ಟಳು.