ಕಿರುಬೆರಳು ಜುಮ್ಮೆಂದರೆ

ಕಿರುಬೆರಳು ಜುಮ್ಮೆಂದರೆ ಯಾರೋ ನೆನೆದರೆಂದೇ ಅರ್ಥ. ಯಾರೆಂದು ಊಹಿಸಿ ಅವರನ್ನು ಮರಳಿ ನೆನೆಯುವುದು ಎಲ್ಲರ ರೂಢಿ. ಇಳಕಲ್ಲಿನಲ್ಲಿ ಒಬ್ಬಳೇ ಮಗ್ಗ ನೇಯುವ ದಾನಮ್ಮನಿಗೆ ದೀಪಾವಳಿಯಿಂದ ಬೆರಳು ಬಿಡದೆ ಜುಮ್ಮೆನ್ನುತ್ತಿತ್ತು. ಮಾತು ಬಿಟ್ಟ ತಂಗಿ ಗುರವ್ವನೇ ಇರಬೇಕೆಂದು, ಪ್ರತಿ ಸಲ ಲಾಳಿ ನಿಲ್ಲಿಸಿ ಅವಳನ್ನು ನೆನೆದಳು. ಬೆರಳು ಮಡಚಲಾಗದಾದಾಗ ದವಾಖಾನೆಗೆ ಹೋದಳು.

ಡಾಕ್ಟರ್ ಮಣಿಕಟ್ಟು ಒತ್ತಿ ನೋಡಿದರು. "ಇಲ್ಲೊಂದು ನೀರಿನ ಗಂಟು ಐತ್ರಿ ಅಮ್ಮಾರ. ಅದು ನರ ಒತ್ತಾಕತ್ತೈತಿ. ಯಾರೂ ನೆನಸಿದ್ದಲ್ಲ ಇದು."

"ಒಂದ್ ಸಲಾನೂ ಅಲ್ಲೇನ್ರಿ?"

ಡಾಕ್ಟರ್ ಸೂಜಿಯಿಂದ ಗಂಟಿನ ನೀರು ತೆಗೆದರು. ಜುಮ್ಮೆನ್ನುವುದು ನಿಂತಿತು.

ಮನೆಗೆ ಬಂದು ದಾನಮ್ಮ ತಂಗಿಯನ್ನು ಮತ್ತೊಮ್ಮೆ ನೆನೆದಳು. ಅಲ್ಲಿ ಗುರವ್ವನ ಬೆರಳು ಜುಮ್ಮೆಂದಿರಲೇಬೇಕು. ಕತ್ತಲಾಗುವವರೆಗೂ ಕಾದಳು. ಇವಳ ಬೆರಳು ಸುಮ್ಮನಿತ್ತು. ಬೆರಳು ಜುಮ್ಮೆಂದಾಗಲೆಲ್ಲ ಗುರವ್ವ ದೀಪಾವಳಿಯಿಂದಲೂ ಬೇರೆ ಯಾರನ್ನೋ ಊಹಿಸಿ ಮರಳಿ ನೆನೆಯುತ್ತಿದ್ದಳು.