ಹೊಳೆಪ್ಪನ ಕಲ್ಲು ತೊಳೆದದ್ದು

ರಹಿಮಾನಸಾಬ ಮೊದಲ ಕೊಡ ಬಿಸಿನೀರು ಸುರಿದದ್ದೇ ತಡ, ಕಲ್ಲಿನ ಮೇಲಿನ ಎಣ್ಣೆ, ಕುಂಕುಮ, ಭಂಡಾರ ಎಲ್ಲ ಕರಗಿ ಕೆಂಪು ರಾಡಿಯಾಗಿ ಇಳಿದು ಅವನ ಬಿಳಿ ಧೋತರವನ್ನು ತೋಯಿಸಿತು.

"ಯವ್ವಾ ತಂಗಿ, ಇಂವಗ ಇಷ್ಟ ಎಣ್ಣಿ ಯಾರು ಕುಡಿಸ್ಯಾರ?"

"ಊರ ಮಂದಿ," ಎಂದಳು ರೇವವ್ವ, ತೆಂಗಿನ ನಾರಿನಿಂದ ಕಲ್ಲು ತಿಕ್ಕುತ್ತ. "ಬದುಕಿದ್ದಾಗ ಒಗ್ಗರಣಿಗೆ ಒಂದ ಚಮಚಾ ಕಡಾ ಕೊಟ್ಟವರಲ್ಲ."

ಅದು ಅವಳ ಗಂಡ ಹೊಳೆಪ್ಪನ ಸಮಾಧಿಯ ಕಲ್ಲು. ಅರವತ್ತೈದರ ಲಡಾಯಿಯಿಂದ ಮೈಮೇಲೆ ಒಂದು ಗೀರೂ ಇಲ್ಲದೆ ಕುಬಿಹಾಳಕ್ಕೆ ಮರಳಿದ ಹೊಳೆಪ್ಪ ಮರುವರ್ಷ ಕಾಮಾಲೆಯಾಗಿ ತೀರಿಕೊಂಡಿದ್ದ. ಅವನನ್ನು ಅವನದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಪಲ್ಟಣದಲ್ಲಿ ಅವನ ಜೊತೆಗಿದ್ದ ನವಲಗುಂದದ ಹವಾಲ್ದಾರ ರಹಿಮಾನಸಾಬನೇ ಈ ಕಲ್ಲು ಕೆತ್ತಿಸಿ, ಹತ್ತಿಯ ಲಾರಿಯಲ್ಲಿ ಹೇರಿಕೊಂಡು ಬಂದು ನಿಲ್ಲಿಸಿದ್ದ. ಹತ್ತು ವರ್ಷದ ಮೇಲೆ ಗೆಳೆಯನಿಗೊಂದು ಸಲಾಮು ಹೊಡೆದು ಹೋಗೋಣವೆಂದು ಬಸ್ಸು ಹತ್ತಿ ಬಂದರೆ, ಕಲ್ಲಿನ ಜಾಗದಲ್ಲಿ ಬೆಳ್ಳಿ ಕಣ್ಣಿನ ದೇವರೊಂದು ಅವನನ್ನೇ ದುರುಗುಟ್ಟಿ ನೋಡುತ್ತಿತ್ತು.

ಆದದ್ದಿಷ್ಟೆ. ಒಂದು ವರ್ಷ ಮೈಲಾರವ್ವನ ಆಕಳು ಈಯಲಾರದೆ ಒದ್ದಾಡಿ, ಈ ಕಲ್ಲಿನ ನೆರಳಿಗೆ ಬಂದು ಬಿದ್ದು, ಸಲೀಸಾಗಿ ಈಯಿತು. ಮೈಲಾರವ್ವ ಒಂದು ಬಟ್ಟಲು ಎಣ್ಣೆ ಎರೆದು ಕೈಮುಗಿದಳು. ಅವಳನ್ನು ನೋಡಿ ಬಸುರಿ ಹೆಂಗಸರು ಎರೆದರು. ಹೊಳೆಪ್ಪ ಸಿಪಾಯಪ್ಪನಾದ. ಬಂದೂಕು ಹಿಡಿದವನಿಗೆ ಹೆರಿಗೆಯ ಖಾತೆ ಬಿತ್ತು.

"ಇರಲಿ ಬಿಡು ತಂಗಿ, ದೇವರಾಗ್ಯಾನ, ನೌಕರಿ ಛಲೋ ಐತಿ," ಎಂದು ರಹಿಮಾನಸಾಬ ಮೊದಲು ನಕ್ಕಿದ್ದ. ರೇವವ್ವ ನಕ್ಕಿರಲಿಲ್ಲ.

"ಗಂಡನ ಹೆಸರು ನಾ ಬಾಯಿಲೆ ಹೇಳಂಗಿಲ್ಲ ಅಣ್ಣಾ. ಊರವರು ಮರತಾರ. ಈ ಕಲ್ಲ ಒಂದ ಅವನ ಹೆಸರು ಹೇಳತಿತ್ತು. ಅದರ ಬಾಯಿಗೂ ಕುಂಕುಮ ಮೆತ್ತಿದ್ರ ಹೆಂಗ?"

ಅಷ್ಟು ಕೇಳಿದ ಮೇಲೆಯೇ ಅವನು ಮೂರು ಕಲ್ಲು ಹೂಡಿ ನೀರು ಕಾಯಿಸಲು ಇಟ್ಟದ್ದು. ಬೆಳ್ಳಿ ಕಣ್ಣು ಕಿತ್ತು ಬದಿಗಿಟ್ಟ. ರೇವವ್ವ ಕೆರೆಯಲೆಂದು ಕಳೆ ತೆಗೆಯುವ ಕುರುಪಿ ಎತ್ತಿಕೊಂಡಾಗ "ಬ್ಯಾಡ, ಅಕ್ಷರ ಹಾರತಾವ" ಎಂದು ಕಸಿದುಕೊಂಡು, ಜಾಲಿಯ ಮುಳ್ಳಿನಿಂದ ಸಂದಿಯ ಜಿಡ್ಡು ಕೀಳತೊಡಗಿದ. "ಸಿಪಾಯಿ" ಎಂಬುದು ಹೊರಬಂತು. "ಹೊ" ಅರ್ಧ ಕಾಣಿಸಿತು.

ಆಗಲೇ ಬದುವಿನ ಮೇಲೆ ಮೈಲಾರವ್ವ ಎಣ್ಣೆಯ ಬಟ್ಟಲು ಹಿಡಿದು ಓಡೋಡಿ ಬಂದಳು.

"ಯವ್ವ ಯವ್ವಾ! ನನ್ನ ಮಗಳು ಅನ್ನವ್ವ ಅಲ್ಲಿ ಹಡಿಯೂ ಬ್ಯಾನಿ ತಿನ್ನಾಕತ್ತಾಳ, ನೀವು ಇಲ್ಲಿ ದೇವರ ತೊಗಲು ಸುಲಿಯಾಕತ್ತೀರಿ!"

"ಇಂವ ನನ್ನ ಗಂಡ ಅದಾನ, ಮೈಲಾರಿ. ನಾ ಮಗನ್ನ ಹಡಿಯೂ ಹೊತ್ತಿನ್ಯಾಗ ಅಂಜಿ ಅಟ್ಟದ ಮ್ಯಾಲ ಅಡಗಿ ಕುಂತವ. ನಿನ್ನ ಮಗಳಿಗೆ ಏನ ಮಾಡ್ತಾನ?"

"ಅಂವ ನಿನಗ ಗಂಡ, ನಮಗ ದೇವರು. ನಿನ್ನ ಗಂಡನ್ನ ತೊಳಕೊ ಬೇಕಾರ, ನಮ್ಮ ದೇವರನ್ನ ಮುಟ್ಟಬ್ಯಾಡ!" ಎಂದವಳೇ ಮೈಲಾರವ್ವ ಕಲ್ಲನ್ನು ತಬ್ಬಿಕೊಂಡುಬಿಟ್ಟಳು.

ರೇವವ್ವ ನಾರು ಒಗೆದು ಸೊಂಟಕ್ಕೆ ಸೆರಗು ಕಟ್ಟಿದಳು. "ಬಿಡು ನನ್ನ ಗಂಡನ್ನ!"

ತೋಪಿನ ಸದ್ದಿಗೆ ಅಳುಕದ ಹವಾಲ್ದಾರ ಎರಡು ಹೆಜ್ಜೆ ಹಿಂದೆ ಸರಿದ. ಸರಿದವನಿಗೆ ಕಲ್ಲಿನ ಬೆನ್ನು ಕಂಡಿತು. ಅಲ್ಲಿ ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲ. ಅವನು ಒಲೆಯಿಂದ ಒಂದು ಇದ್ದಿಲು ತಂದು ಕಲ್ಲಿನ ಅಂಚಿಗೆ ಮೇಲಿನಿಂದ ಕೆಳಗಿನವರೆಗೂ ಗೆರೆ ಎಳೆದ.

"ಲಡಾಯಿ ಬಂದ್. ಮುಂದಿನ ಬಾಜು ನಮ್ಮ ತಂಗೀದು. ಹಿಂದಿನ ಬಾಜು ನಿಮ್ಮದು. ಗಡಿ ಯಾರೂ ದಾಟಬಾರದು."

"ದೇವರ ಬೆನ್ನಿಗೆ ಎಣ್ಣಿ ಹಚ್ಚೂದೇನ್ರಿ?" ಮೈಲಾರವ್ವ ಬಾಯಿಬಿಟ್ಟಳು.

"ಹಚ್ಚಿ ನೋಡ್ರಿ. ಪಲ್ಟಣದಾಗ ಬೆನ್ನಿಗೆ ಎಣ್ಣಿ ತಿಕ್ಕಿಸಿಕೊಳ್ಳೂದಂದ್ರ ಇಂವಗ ಅಗದಿ ಜೀವ. ಏನ ಕೇಳಿದ್ರೂ ಹೂಂ ಅಂತಿದ್ದ."

ವಾದಕ್ಕೆ ಹೊತ್ತಿರಲಿಲ್ಲ. ಮೈಲಾರವ್ವ ಬಟ್ಟಲನ್ನು ಬೆನ್ನಿಗೇ ಬೋರಲು ಹಾಕಿ, ಬೆಳ್ಳಿ ಕಣ್ಣುಗಳನ್ನು ಹೆಕ್ಕಿ ಅಲ್ಲೇ ಒತ್ತಿ ಅಂಟಿಸಿ, ಮನೆಗೆ ಓಡಿದಳು. ಅವಳು ಅಂಗಳ ಮುಟ್ಟುವುದರೊಳಗೆ ಅನ್ನವ್ವ ಹೆಣ್ಣು ಹಡೆದಿದ್ದಳು. ಸಿಪಾಯಪ್ಪನ ಶಕ್ತಿ ಇಷ್ಟು ದಿನ ಬೆನ್ನಿನಲ್ಲೇ ಇತ್ತೆಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು.

ಇತ್ತ ಹೆಸರು ಪೂರ್ತಿ ಹೊರಬಂದಿತ್ತು. ಓದು ಬಾರದ ರೇವವ್ವ ಒಂದೊಂದು ಅಕ್ಷರದ ತಗ್ಗಿನಲ್ಲೂ ಬೆರಳಾಡಿಸಿದಳು. ರಹಿಮಾನಸಾಬ ಗಟ್ಟಿಯಾಗಿ ಓದಿದ. "ಸಿಪಾಯಿ ಹೊಳೆಪ್ಪ." ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು, "ಇನ್ನೊಮ್ಮೆ ಓದಣ್ಣಾ" ಎಂದಳು. ಇನ್ನೊಮ್ಮೆ ಓದಿ, ಕೆಂಪಾದ ಧೋತರದಲ್ಲೇ ನೆಟ್ಟಗೆ ನಿಂತು ಸಲಾಮು ಹೊಡೆದು, ಅವನು ಸಂಜೆಯ ಬಸ್ಸು ಹಿಡಿದ.

ಅಂದಿನಿಂದ ಹಿಂದಿನ ಬಾಜುವಿಗೆ ಹೆಂಗಸರ ಸಾಲು. ಮುಂದಿನ ಬಾಜುವಿಗೆ ರೇವವ್ವ ಒಬ್ಬಳೇ. ದಿನವೂ ಬಂದು ಅಕ್ಷರ ಒರೆಸುತ್ತಿದ್ದಳು, ಮನೆಯ ಸುದ್ದಿ ಹೇಳುತ್ತಿದ್ದಳು, ಹಿಂದಿನವರ ಗದ್ದಲಕ್ಕೆ ಮೂಗು ಮುರಿಯುತ್ತಿದ್ದಳು.

ಸುಗ್ಗಿ ಮುಗಿಯುವ ಹೊತ್ತಿಗೆ ಅವಳ ಸೊಸೆಗೆ ಬ್ಯಾನಿ ಶುರುವಾಯಿತು. ಸೂಲಗಿತ್ತಿ ತಲೆ ಅಲ್ಲಾಡಿಸಿದಳು. ರೇವವ್ವ ಸೆರಗಿನಲ್ಲಿ ಎಣ್ಣೆಯ ಬಟ್ಟಲು ಮರೆಮಾಡಿಕೊಂಡು ಹೊಲಕ್ಕೆ ಬಂದಳು. ಆಚೀಚೆ ಯಾರೂ ಇರಲಿಲ್ಲ. ಕಲ್ಲಿನ ಮುಂದೆ ಹಾಯುವಾಗ ಹೆಸರಿನತ್ತ ನೋಡದೆ ಮುಖ ಬೇರೆ ಕಡೆ ತಿರುಗಿಸಿ ಅಂದಳು:

"ನೀ ಸುಮ್ಕಿರು. ನಾ ನಿನ್ನ ಕಡೆ ಬಂದಿಲ್ಲ, ಆ ಬಾಜೂದವನ ಕಡೆ ಬಂದೀನಿ."