ಯಾರ ಟ್ರ್ಯಾಕ್ಟರನ್ನೂ ಹತ್ತದ ಅವ್ವ

ಇಂದು ಮತ ಹಾಕಿ ಬಂದು ದಿನಚರಿ ಬರೆಯಲು ಕೂತರೆ, ಬೆರಳಿನ ಶಾಯಿಯ ಕಟು ವಾಸನೆಗೆ ನನ್ನ ಬಾಲ್ಯದ ಪಂಚಾಯಿತಿ ಚುನಾವಣೆಯ ಒಂದು ಮಧ್ಯಾಹ್ನ ನೆನಪಾಯಿತು.

ಮತಗಟ್ಟೆ ಪಕ್ಕದ ಊರಿನಲ್ಲಿತ್ತು. ಯಾರ ಟ್ರ್ಯಾಕ್ಟರ್ ಹತ್ತಿ ಹೋದರೋ ಮತ ಅವರಿಗೇ ಎಂಬುದು ನಮ್ಮೂರಿನ ಲೆಕ್ಕ. ಬಂದಿದ್ದು ಎರಡು ಟ್ರ್ಯಾಕ್ಟರ್. ಒಂದು ಅವ್ವ ಭತ್ತದ ನಾಟಿಗೆ ಹೋಗುತ್ತಿದ್ದ ಧಣಿಯದು. ಇನ್ನೊಂದು ಧಣಿಯ ಎದುರಾಳಿಗಳದು, ಅದರಲ್ಲಿ ನನ್ನ ಸೋದರಮಾವನೇ ಕೂತಿದ್ದ. ಒಂದನ್ನು ಹತ್ತಿದರೆ ತವರು ಮುನಿಯುತ್ತದೆ, ಇನ್ನೊಂದನ್ನು ಹತ್ತಿದರೆ ಕೂಲಿ ತಪ್ಪುತ್ತದೆ.

ಅವ್ವ ನನ್ನ ಕೈ ಹಿಡಿದು ಕಾಲುವೆ ಏರಿಯ ಮೇಲೆ ನಡೆದೇ ಹೊರಟಳು. ಬಿಸಿ ಮಣ್ಣು ಅಂಗಾಲಿಗೆ ಚುರುಗುಟ್ಟುತ್ತಿತ್ತು.

"ಹತ್ತ ತಂಗಿ, ಬಿಸಿಲಾಗ ಕೂಸು ಬಾಡ್ತೈತಿ!" ಮಾವ ಕೂಗಿದ.

"ನಡೀತೀವಿ ಬಿಡಣ್ಣ, ನೀ ಮುಂದ ಹೋಗು."

ಯಾರಿಗೆ ಹಾಕಿದಿ ಎಂದು ಬರುವಾಗ ಕೇಳಿದೆ. ಅವ್ವ ಕಣ್ಣು ಕೆಂಪಗೆ ಮಾಡಿ, ನನ್ನ ಕೈ ಎಳೆದುಕೊಂಡು ಬಿರಬಿರನೆ ನಡೆದಳು.

ಸಂಜೆ ಕೂಲಿಯಾಳುಗಳನ್ನು ನೋಡಿಕೊಳ್ಳುವ ಧಣಿಯ ಮೇಸ್ತ್ರಿ ಬಾಗಿಲಿಗೆ ಬಂದ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಹುಲಿಗೆವ್ವ, ಧಣ್ಯಾರು ಕೇಳ್ಯಾರ. ನಮ್ಮ ಗಾಡಿ ಯಾಕ ಹತ್ತಲಿಲ್ಲ?"

"ಟ್ರ್ಯಾಕ್ಟರ್ ಹತ್ತಿದ್ರ ವಾಂತಿ ಬರ್ತೈತ್ರಿ ನನಗ."

"ನಿಮ್ಮಣ್ಣಂದೂ ಹತ್ತಲಿಲ್ಲಂತ?"

"ಅದೂ ಟ್ರ್ಯಾಕ್ಟರೇ ಅಲ್ಲೇನ್ರಿ?"

ಮೇಸ್ತ್ರಿ ಮೀಸೆಯೊಳಗೇ ನಕ್ಕ. "ಆತು, ಹಂಗ ಹೇಳ್ತೀನಿ. ನಾಳಿ ನಾಟಿಗೆ ಲಗೂನ ಬಾ."

ಅವನು ತಿರುವು ದಾಟುವವರೆಗೂ ಅವ್ವ ನಿಂತೇ ಇದ್ದಳು. ಆಮೇಲೆ ಗೋಡೆಗೆ ಒರಗಿ ಕೂತು, ಸೆರಗನ್ನು ಬಾಯಿಗೊತ್ತಿ ನಕ್ಕಳು.

ಮರುದಿನ ಬೆಳಿಗ್ಗೆ ಉಳಿದ ಹೆಂಗಸರ ಜೊತೆ ಧಣಿಯ ಟ್ರ್ಯಾಕ್ಟರ್ ಹತ್ತಿ ನಾಟಿಗೆ ಹೋದಳು. ವಾಂತಿಯೇನೂ ಬರಲಿಲ್ಲ.